ಹದಿನೇಳನೇ ಸರ್ಕ್ಯೂಟಿನ ಚಳಿಗಾಲ

ಜನವರಿಯಲ್ಲಿ ಮನೆಗೆ ಬರುವ ಪಾರ್ಸೆಲ್‌ಗಳನ್ನು ನಾನು ತಕ್ಷಣ ಒಡೆಯುವುದಿಲ್ಲ. ಇಟಾಸ್ಕಾದ ನಮ್ಮ ಮನೆಯ ಮುಂಬಾಗಿಲಲ್ಲಿ ಅವು ಗಂಟೆಗಟ್ಟಲೆ ಚಳಿಯಲ್ಲಿ ಬಿದ್ದಿರುತ್ತವೆ. ಒಳಗೆ ತಂದು ಟೇಪು ಸೀಳಿದ ಕೂಡಲೇ ತಣ್ಣಗಾದ ಹೊಸ ರಟ್ಟಿನ ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಆ ದಿನ ಪೂರ್ತಿ ನನ್ನ ತಲೆ ಕೆಡುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಹೀಟರಿನ ಕಿಂಡಿಯ ಪಕ್ಕ ಇಟ್ಟು ಬೆಚ್ಚಗಾಗಲು ಬಿಡುತ್ತೇನೆ. "ಅಮ್ಮಾ, ಇಟ್ಸ್ ಜಸ್ಟ್ ಎ ಬಾಕ್ಸ್" ಎನ್ನುತ್ತಾಳೆ ಮಗಳು. ಅವಳ ಪಾಲಿಗೆ ಹೌದು. ನನಗೆ ಅದು ಮಿಶಿಗನ್ನಿನ ವಿಕ್ಸಮ್‌ನಲ್ಲಿ ಕಳೆದ ಒಂದು ಚಳಿಗಾಲ. ಆ ಚಳಿಗಾಲದಲ್ಲಿ ನಾನು ಮಾಡಿದ್ದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಗಂಡನಿಗೆ ಅರ್ಧ ಹೇಳಿದ್ದೇನೆ, ನನಗೆ ಅನುಕೂಲವಾದ ಅರ್ಧ.

ನನ್ನ ಕೆಲಸ ಏನೆಂದು ತುಮಕೂರಿನಲ್ಲಿ ಯಾರಾದರೂ ಕೇಳಿದರೆ ನಮ್ಮಮ್ಮ "ಗೋಡೌನ್ ಕಟ್ಟಿಸ್ತಾಳೆ" ಎಂದು ಹೇಳಿ ಮುಗಿಸುತ್ತಾರೆ. ತಪ್ಪೇನಿಲ್ಲ. ನಾನು ಎನರ್ಜಿ ಎಂಜಿನಿಯರ್. ಸಾಮಾನು ಬಂದು, ಪೆಟ್ಟಿಗೆಗೆ ಸೇರಿ, ಟ್ರಕ್ ಹತ್ತಿ ಹೋಗುವ ದೊಡ್ಡ ದೊಡ್ಡ ವೇರ್‌ಹೌಸ್‌ಗಳನ್ನು ಕಾರ್ಬನ್ ನ್ಯೂಟ್ರಲ್ ಮಾಡಿಕೊಡುವ ಕಂಪನಿಯಲ್ಲಿದ್ದೇನೆ. ಅಂದರೆ, ಕಟ್ಟಡ ವರ್ಷಕ್ಕೆ ಎಷ್ಟು ಕರೆಂಟು ಉಣ್ಣುತ್ತದೋ ಅಷ್ಟನ್ನು ತನ್ನ ಚಾವಣಿಯ ಸೋಲಾರಿನಿಂದ ತಾನೇ ಹುಟ್ಟಿಸಬೇಕು. ಗ್ಯಾಸ್ ಪೈಪು ಹತ್ತಿರ ಸುಳಿಯಬಾರದು. ಕಟ್ಟಿ ಮುಗಿಸಿದರೆ ಸಾಲದು, ಹನ್ನೆರಡು ತಿಂಗಳು ನಡೆಸಿ, ಅಳೆದು ತೋರಿಸಿದ ಮೇಲೆಯೇ ಸರ್ಟಿಫಿಕೇಟು. ವಿಕ್ಸಮ್‌ನಲ್ಲಿ ಎದ್ದದ್ದು ನಮ್ಮ ಕಂಪನಿಯ ಅಂಥ ಮೊದಲ ಕಟ್ಟಡ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆ ಒಂದು ವರ್ಷ ಅದನ್ನು ಕಾಯಲು ನನ್ನನ್ನು ಕಳಿಸಿದರು. ಗಂಡ, ಮಗಳನ್ನು ಇಟಾಸ್ಕಾದಲ್ಲಿ ಬಿಟ್ಟು, ವಿಕ್ಸಮ್‌ಗೆ ಹತ್ತಿರದ ಕ್ಯಾಂಟನ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದೆ. ಅಲ್ಲಿ ಇಂಡಿಯನ್ ಅಂಗಡಿಗಳಿವೆ, ಅಷ್ಟೇ ಕಾರಣ.

ಆ ಕಟ್ಟಡದ ಬಗ್ಗೆ ಒಂದು ವಿಷಯ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಬರಹವೂ ಅನುಕೂಲವಾದ ಅರ್ಧವೇ ಆಗುತ್ತದೆ. ಟ್ರಕ್‌ಗಳು ಬಂದು ಬೆನ್ನು ಹಚ್ಚಿ ನಿಲ್ಲುವ ಬಾಗಿಲುಗಳಿಗೆ ಡಾಕ್ ಎನ್ನುತ್ತಾರೆ. ಅದರ ಎದುರಿಗೇ ಪ್ಯಾಕಿಂಗ್ ಮೇಜುಗಳ ಸಾಲು. ಮೊದಲ ನಕ್ಷೆಯಲ್ಲಿ ಪ್ರತಿ ಮೇಜಿನ ಮೇಲೂ ಒಂದೊಂದು ಹೀಟರ್ ತೂಗುಹಾಕಿದ್ದೆವು, ಕೆಳಗೆ ನಿಂತವರ ತಲೆ, ಕೈಗಳ ಮೇಲೆ ಮಾತ್ರ ಬಿಸಿ ಬೀಳುವಂಥದ್ದು. ಕಂಪ್ಯೂಟರಿನಲ್ಲಿ ವರ್ಷದ ಲೆಕ್ಕ ಹಾಕಿದಾಗ ಚಾವಣಿ ಹುಟ್ಟಿಸುವುದಕ್ಕಿಂತ ಕಟ್ಟಡ ಉಣ್ಣುವುದು ಸ್ವಲ್ಪ ಹೆಚ್ಚಾಯಿತು. ಏನನ್ನಾದರೂ ಕಿತ್ತುಹಾಕಬೇಕಿತ್ತು. ಇಟಾಸ್ಕಾದ ಹೆಡ್ಡಾಫೀಸಿನ ಮೀಟಿಂಗಿನಲ್ಲಿ ಆ ಹೀಟರುಗಳನ್ನು ತೆಗೆಯೋಣ ಎಂದವಳು ನಾನೇ. ಯಾರೂ ನನ್ನ ಮೇಲೆ ಒತ್ತಡ ಹಾಕಿರಲಿಲ್ಲ. ಕೆಲಸ ಮಾಡುವವರು ಓಡಾಡುತ್ತಲೇ ಇರುತ್ತಾರೆ, ಜಾಕೆಟ್ ಹಾಕಿಕೊಂಡಿರುತ್ತಾರೆ, ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಊರಿನ ಲೆಕ್ಕದಲ್ಲಿ ಹದಿಮೂರು, ಸಾಕು ಎಂದು ನನ್ನ ಕೈಯಾರೆ ಬರೆದೆ. ಪ್ಯಾಕ್ ಮಾಡುವವರು ಓಡಾಡುವುದಿಲ್ಲ, ನಿಂತಲ್ಲೇ ನಿಂತಿರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ. ನಾನು ಅಂಥ ಮೇಜಿನ ಮುಂದೆ ಒಂದು ಗಂಟೆಯೂ ನಿಂತವಳಲ್ಲ.

ಶಾಂತಕ್ಕ ಸಿಕ್ಕಿದ್ದು ಆ ಸೆಪ್ಟೆಂಬರ್‌ನಲ್ಲಿ, ಕ್ಯಾಂಟನ್‌ನ ಇಂಡಿಯನ್ ಅಂಗಡಿಯ ತರಕಾರಿ ಸಾಲಿನಲ್ಲಿ. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ಬದನೆಕಾಯಿ ಆರಿಸುತ್ತಿದ್ದೆ. ಫೋನು ಇಟ್ಟ ಕೂಡಲೇ ಪಕ್ಕದಲ್ಲಿದ್ದ ಹೆಂಗಸು, ಆ ಬದನೆಕಾಯಿ ಬಲಿತಿವೆ ಎಂದು ನನ್ನ ಕೈಯಿಂದ ತೆಗೆದು ವಾಪಸ್ಸು ಹಾಕಿದರು. ಐವತ್ತೆರಡು ವರ್ಷ, ಗದಗಿನವರು. ಅಲ್ಲಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರಂತೆ. ಮದುವೆಯಾಗಲಿಲ್ಲ. ಅಪ್ಪ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಓದಿಸಿದ್ದು ಇವರ ಹೊಲಿಗೆ ಮಷಿನ್ನೇ. ಆ ತಮ್ಮ ಪ್ರಕಾಶ ಈಗ ಕ್ಯಾಂಟನ್‌ನಲ್ಲಿ ಡಾಕ್ಟರ್. ಅಕ್ಕನಿಗೆ ಗ್ರೀನ್ ಕಾರ್ಡ್ ಅಪ್ಲೈ ಮಾಡಿ, ಹದಿನಾಲ್ಕು ವರ್ಷ ಕಾದು ಕರೆಸಿಕೊಂಡಿದ್ದ. ದೊಡ್ಡ ಮನೆಯ ಬೇಸ್‌ಮೆಂಟ್ ಪೂರ್ತಿ ಅವರಿಗೇ ಬಿಟ್ಟುಕೊಟ್ಟಿದ್ದ. ತಮ್ಮನೂ ಒಳ್ಳೆಯವನು, ಅವನ ಹೆಂಡತಿಯೂ ಒಳ್ಳೆಯವಳು. ಅದೇ ಕಷ್ಟ ಎಂದರು ಶಾಂತಕ್ಕ ಒಂದು ದಿನ, ಬೈದುಕೊಳ್ಳಲೂ ಯಾರೂ ಇಲ್ಲ.

"ನನಗ ನನ್ನ ಒಲಿ ಬೇಕವಾ" ಎಂದಿದ್ದರು. "ಒಗ್ಗರಣಿ ಹಾಕೂಮುಂದ ಮ್ಯಾಲಿನವರಿಗೆ ಘಾಟು ಹೋಗ್ತದೇನೋ ಅಂತ ಅಂಜಬಾರದು. ಒಂದ ಖೋಲಿ ಆದ್ರೂ ಅಡ್ಡಿಯಿಲ್ಲ. ಬಾಗಲಾ ನನ್ನದಿರಬೇಕು."

ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರಿಲ್ಲದವರಿಗೆ ಮಿಶಿಗನ್ ಎಂದರೆ ಬಾವಿಯೇ. ನಾನೇ ಹೇಳಿದೆ, ನಮ್ಮ ವೇರ್‌ಹೌಸಿನಲ್ಲಿ ಪ್ಯಾಕಿಂಗಿಗೆ ಜನ ಬೇಕಂತೆ, ಬೆಳಗ್ಗೆ ಹೇಗೂ ನಾನು ಹೋಗುತ್ತೇನೆ, ಜೊತೆಗೇ ಬನ್ನಿ ಎಂದು. ಏಜೆನ್ಸಿಯವರು ಒಂದು ವಾರದಲ್ಲಿ ಕರೆದರು. ಮೊದಲು ಕಿತ್ತಳೆ ಬಣ್ಣದ ತಾತ್ಕಾಲಿಕ ಬ್ಯಾಜು. ಫೆಬ್ರವರಿ ಮೊದಲ ವಾರದವರೆಗೆ ದೂರಿಲ್ಲದೆ ಮುಗಿಸಿದರೆ ನೀಲಿ ಬ್ಯಾಜು, ಅಂದರೆ ಪರ್ಮನೆಂಟ್. ನಡುವೆ ಒಂದೇ ಒಂದು ಲಿಖಿತ ಎಚ್ಚರಿಕೆ ಬಿದ್ದರೂ ಏಜೆನ್ಸಿ ಮರುದಿನ ಬೇರೆಯವರನ್ನು ಕಳಿಸುತ್ತದೆ. ವೇರ್‌ಹೌಸಿನಿಂದ ಒಂದು ಮೈಲಿಯೊಳಗೆ, ನಡೆದು ಹೋಗುವಷ್ಟು ಹತ್ತಿರ, ಒಂದು ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಇತ್ತು. ಶಾಂತಕ್ಕನನ್ನು ಅಲ್ಲಿಗೂ ನಾನೇ ಕರೆದುಕೊಂಡು ಹೋಗಿದ್ದೆ. ಎರಡನೇ ಮಹಡಿಯ ಒಂದು ಮನೆಯ ಅಡುಗೆಮನೆಯಲ್ಲಿ ಅವರು ಹತ್ತು ನಿಮಿಷ ಸುಮ್ಮನೆ ನಿಂತರು, ಸ್ಟೋವಿನ ನಾಲ್ಕೂ ಗುಂಡಿಗಳನ್ನು ತಿರುಗಿಸಿ ನೋಡಿದರು. ಆಫೀಸಿನವಳು ಪರ್ಮನೆಂಟ್ ಕೆಲಸದ ಪತ್ರ ತನ್ನಿ, ಮನೆ ನಿಮ್ಮದು ಎಂದಳು. ಹೀಗೆ ಒಂದು ನೀಲಿ ಬ್ಯಾಜಿನ ಮೇಲೆ ಒಂದು ಒಲೆ ನಿಂತಿತ್ತು. ಇದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ದಿನಾ ಬೆಳಗ್ಗೆ ಐದೂವರೆಗೆ ಪ್ರಕಾಶನ ಮನೆಯ ಮುಂದೆ ನಾನು ಕಾರು ನಿಲ್ಲಿಸುತ್ತಿದ್ದೆ. ಹೆದ್ದಾರಿ ಹಿಡಿದು ಉತ್ತರಕ್ಕೆ, ಆಮೇಲೆ ಪಶ್ಚಿಮಕ್ಕೆ, ವಿಕ್ಸಮ್ ಎಕ್ಸಿಟ್. ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷದಲ್ಲಿ ನಾನು ಆ ವರ್ಷದ ಕನ್ನಡವನ್ನೆಲ್ಲ ಮಾತಾಡಿದ್ದೇನೆ. ಶಾಂತಕ್ಕ ಗದಗಿನ ಶಾಲೆಯ ಹೆಡ್‌ಮಿಸ್ ನಡೆಯುವುದನ್ನು ಸೀಟಿನಲ್ಲಿ ಕುಳಿತೇ ನಟಿಸಿ ತೋರಿಸುತ್ತಿದ್ದರು. ಪಕ್ಕದ ಮೇಜಿನ ಮರಿಯಾ ಎಂಬ ಮೆಕ್ಸಿಕೋದ ಹೆಂಗಸಿನ ಜೊತೆ ಇಬ್ಬರಿಗೂ ಬರುವ ಒಂದು ಭಾಷೆಯೂ ಇಲ್ಲದೆ ಇಡೀ ದಿನ ಹರಟುತ್ತಾರಂತೆ. ಅವಳ ಮೂವರು ಮಕ್ಕಳ ಹೆಸರು, ಗಂಡನ ಸಿಟ್ಟು, ಎಲ್ಲ ಇವರಿಗೆ ಗೊತ್ತಿತ್ತು. ಒಂದು ಡಬ್ಬಿ ನನಗಾಗಿ ಇದ್ದೇ ಇರುತ್ತಿತ್ತು. ಝುಣಕಾ, ರೊಟ್ಟಿ, ಮಡಿಕೆ ಕಾಳಿನ ಪಲ್ಯ. ಒಂಟಿಯಾಗಿದ್ದ ನನಗೆ ಆ ವರ್ಷ ಮನೆ ಊಟ ಹಾಕಿದವರು ಅವರೊಬ್ಬರೇ.

ನವೆಂಬರ್‌ನಲ್ಲಿ ಹಿಮ ಶುರುವಾದ ಮೇಲೆ ವಾಪಸ್ಸು ಬರುವಾಗ ಅವರು ಕೈಗಳನ್ನು ಕಾರಿನ ಬಿಸಿಗಾಳಿಯ ಕಿಂಡಿಗೆ ಹಿಡಿದು ಕೂರತೊಡಗಿದರು. ಬೆರಳ ತುದಿಗಳು ಬೆಳ್ಳಗೆ ಸುಣ್ಣ ಹಚ್ಚಿದಂತೆ ಆಗಿರುತ್ತಿದ್ದವು. ಹತ್ತು ನಿಮಿಷಕ್ಕೆ ಅವು ಕೆಂಪಾಗಿ ಉರಿಯಲು ಶುರು ಮಾಡಿದಾಗ ಹಲ್ಲು ಕಚ್ಚಿ ನಗುತ್ತಿದ್ದರು. ಗ್ಲೌಸ್ ಹಾಕಿದರೆ ಲೇಬಲ್ ಸುಲಿಯಲು ಬರುವುದಿಲ್ಲ, ಸ್ಕ್ಯಾನರಿನ ಗಾಜು ಬೆರಳನ್ನು ಗುರುತಿಸುವುದಿಲ್ಲ. ನಾನು ತುದಿ ಕತ್ತರಿಸಿದ ತೆಳು ಗ್ಲೌಸ್ ಕೊಡಿಸಿದೆ. ಐವತ್ತೈದು ಡಿಗ್ರಿ ಎನ್ನುವುದು ನನ್ನ ನಕ್ಷೆಯ ಮಾತು. ಡಾಕ್ ಬಾಗಿಲು ತೆರೆದಾಗ ಅವರ ಮೇಜಿನ ಹತ್ತಿರದ ಸೆನ್ಸರ್ ನಲವತ್ತೈದು, ಊರಿನ ಲೆಕ್ಕದಲ್ಲಿ ಏಳು, ತೋರಿಸುತ್ತಿತ್ತು. ಅದನ್ನು ದಿನಾ ಬೆಳಗ್ಗೆ ನೋಡುವ ಕೆಲಸ ನನ್ನದೇ. ನೋಡುತ್ತಿದ್ದೆ, ಕಾಫಿ ಕುಡಿಯುತ್ತಾ. ಗ್ಲೌಸ್ ಕೊಡಿಸಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಡಿಸೆಂಬರ್‌ನಲ್ಲಿ ನನ್ನ ಕಟ್ಟಡ ಕೈಕೊಡತೊಡಗಿತು. ಹಬ್ಬದ ಸೀಸನ್, ಟ್ರಕ್‌ಗಳು ಒಂದರ ಹಿಂದೆ ಒಂದು. ಬಾಗಿಲುಗಳು ನನ್ನ ಲೆಕ್ಕಕ್ಕಿಂತ ಎರಡರಷ್ಟು ಹೊತ್ತು ತೆರೆದೇ ಇರುತ್ತಿದ್ದವು. ಸೋಲಾರಿನ ಮೇಲೆ ಹಿಮ ಕೂತರೆ ಮೂರು ದಿನ ಜಾರುತ್ತಿರಲಿಲ್ಲ, ಬಿಸಿಲಂತೂ ಮುಖವನ್ನೇ ತೋರಿಸಲಿಲ್ಲ. ಪ್ರತಿ ಸೋಮವಾರ ಇಟಾಸ್ಕಾದಿಂದ ಫೋನು. ಗ್ರಾಫಿನಲ್ಲಿ ವರ್ಷದ ಕರೆಂಟು ಖರ್ಚಿನ ಗೆರೆ ಮೇಲೆ ಹೋಗುತ್ತಿದೆಯಲ್ಲ, ಮಾರ್ಚ್‌ಗೆ ಹೇಗೆ ಇಳಿಸುತ್ತೀರಿ ಎಂದು ನಯವಾಗಿ ಕೇಳುತ್ತಿದ್ದರು. ನಯವಾಗಿ ಕೇಳಿದಷ್ಟೂ ನನಗೆ ನಿದ್ದೆ ಹೋಗುತ್ತಿತ್ತು. ನನ್ನ ವೀಸಾ, ನನ್ನ ಬಡ್ತಿ, ಎಂಟು ವರ್ಷದ ಹೆಸರು, ಎಲ್ಲ ಆ ಒಂದು ಗೆರೆಯ ಮೇಲೆ ಕೂತಿದೆ ಎನಿಸುತ್ತಿತ್ತು. ಬಚ್ಚಲಿನ ಬಿಸಿನೀರು ಕಡಿಮೆ ಮಾಡಿಸಿದೆ, ಫೋರ್ಕ್‌ಲಿಫ್ಟ್ ಚಾರ್ಜ್ ಮಾಡುವ ಹೊತ್ತು ಬದಲಾಯಿಸಿದೆ, ಕೆಫೆಟೇರಿಯಾದ ಪೆಪ್ಸಿ ಮಷಿನ್ನಿನ ದೀಪವನ್ನೂ ಬಿಡಲಿಲ್ಲ. ಜಿಪುಣಿ ಅತ್ತೆಯ ಹಾಗೆ ಕಟ್ಟಡವೆಲ್ಲ ಸುತ್ತುತ್ತಿದ್ದೆ.

ಜನವರಿ ಮೊದಲ ವಾರ ಹದಿನೇಳನೇ ಸರ್ಕ್ಯೂಟಿನ ಕರೆಂಟು ಗ್ರಾಫಿನಲ್ಲಿ ಏನೋ ಕಂಡಿತು. ಆ ಸರ್ಕ್ಯೂಟು ಆರು ಪ್ಯಾಕಿಂಗ್ ಮೇಜುಗಳದ್ದು. ಸ್ಕ್ಯಾನರು, ಲೇಬಲ್ ಪ್ರಿಂಟರು, ಅಷ್ಟೇ ಅದರ ಹೊರೆ. ಆದರೆ ಈಗ ಬೆಳಗ್ಗೆ ಆರು ಇಪ್ಪತ್ತಕ್ಕೆ ಒಂದೂವರೆ ಕಿಲೋವಾಟ್ ಚಂಗನೆ ಏರಿ, ಹನ್ನೊಂದರವರೆಗೆ ಬಿಟ್ಟು ಬಿಟ್ಟು ಉರಿದು, ಆರುತ್ತಿತ್ತು. ಹೀಟರಿನ ಗುರುತು ಅದು, ನನ್ನಂಥವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸತ್ಯ ಹೇಳಬೇಕೆಂದರೆ ಮೊದಲು ನನಗೆ ಖುಷಿಯಾಯಿತು. ಇಲಿ ಸಿಕ್ಕಿಬಿದ್ದಿದೆ ಎಂಬ ಖುಷಿ. ಯಾರ ಮೇಜು ಎಂದು ಗೊತ್ತಿಲ್ಲ, ಒಂದು ವಾರ ನೋಡೋಣ ಎಂದು ದಾಖಲೆ ಇಡುತ್ತಾ ಹೋದೆ.

ಸಂಕ್ರಾಂತಿ ವಾರದ ನಡುವೆ ಬಂತು. ಶಾಂತಕ್ಕ ಒಂದು ದಿನ ರಜೆ ಹಾಕಿ, ಸಂಜೆ ಊಟಕ್ಕೆ ನನ್ನನ್ನು ಕರೆದಿದ್ದರು. ಬೇಸ್‌ಮೆಂಟಿನ ಪುಟ್ಟ ಮೇಜಿನ ಮೇಲೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ, ಮಾದಲಿ. ಮೇಲಿನ ಅಡುಗೆಮನೆ ಬೆಳಗ್ಗೆ ಖಾಲಿ ಇರುವ ಹೊತ್ತು ನೋಡಿ ಎಲ್ಲ ಮಾಡಿ ಕೆಳಗೆ ತಂದಿಟ್ಟಿದ್ದರು. ಮುಂದಿನ ಸಂಕ್ರಮಣ ವಿಕ್ಸಮ್‌ನ ಮನೆಯಲ್ಲಿ, ನಿನ್ನ ಗಂಡ, ಮಗಳನ್ನೂ ಕರೆದುಕೊಂಡು ಬಾ ಎಂದರು. ಹೊರಡುವಾಗ ಕೈಯಲ್ಲಿ ಎಳ್ಳು, ಕುಸುರೆಳ್ಳು ಇಟ್ಟರು. "ನಾವು ನೀವು ಎಳ್ಳು ಬೆಲ್ಲದ್ಹಂಗ ಇರೂಣು" ಎಂದರು. ಆ ಕುಸುರೆಳ್ಳನ್ನು ಕಾರಿನಲ್ಲೇ ತಿಂದು ಮುಗಿಸಿದೆ.

ಮರುದಿನ ಬೆಳಗ್ಗೆ ಆಫೀಸಿನಲ್ಲಿ ಗ್ರಾಫ್ ತೆಗೆದೆ. ಎರಡು ವಾರ, ಕೆಲಸದ ದಿನಗಳಲ್ಲಿ ಒಂದೂ ತಪ್ಪದೆ ಆರು ಇಪ್ಪತ್ತಕ್ಕೆ ಏರಿದ ಗೆರೆ ಸಂಕ್ರಾಂತಿಯ ದಿನ ಮಾತ್ರ ನೆಲದ ಮೇಲೆ ಮಲಗಿತ್ತು. ನೋಡುತ್ತಾ ಕೂತೆ. ಬಾಯಲ್ಲಿ ಇನ್ನೂ ಹಿಂದಿನ ಸಂಜೆಯ ಎಳ್ಳಿನ ರುಚಿ ಇದ್ದ ಹಾಗಿತ್ತು.

ಮುಂದಿನ ದಿನ ಕಾರಿನಲ್ಲಿ ಹೇಳಿಬಿಡಬೇಕು ಎಂದುಕೊಂಡೇ ಹೋದೆ. ಎರಡು ಮಾತಿನ ಕೆಲಸ. ಅಕ್ಕಾ, ಆ ಹೀಟರ್ ಇಡುವ ಹಾಗಿಲ್ಲ, ಗೊತ್ತಾದರೆ ಕೆಲಸ ಹೋಗುತ್ತೆ, ಇವತ್ತೇ ಮನೆಗೆ ತಂದುಬಿಡಿ. ಹೆದ್ದಾರಿಗೆ ಸೇರಿದ ಮೇಲೆ "ಅಕ್ಕಾ" ಎಂದೆ. "ಏನವಾ" ಎಂದರು. ಇವತ್ತು ಮತ್ತೆ ಸ್ನೋ ಬೀಳುತ್ತಂತೆ ಎಂದೆ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದಾಕ್ಷಿಣ್ಯ, ಎಂದೇ ಬಹಳ ದಿನ ಉತ್ತರ ಕೊಟ್ಟುಕೊಂಡೆ. ಹಿರಿಯರು, ಎರಡು ದಿನದ ಹಿಂದಷ್ಟೇ ಅನ್ನ ಹಾಕಿದವರು, ಅವರ ಮುಖ ನೋಡಿ ನೀವು ಕದ್ದು ಹೀಟರ್ ಹಚ್ಚುತ್ತಿದ್ದೀರಿ ಎನ್ನುವುದು ಹೇಗೆ? ನಮ್ಮಲ್ಲಿ ಮುಖಕ್ಕೆ ಹೇಳಲಾಗದ್ದನ್ನು ಯಾರ ಮೂಲಕವೋ ಹೇಳಿಸುತ್ತೇವೆ, ಅದನ್ನೇ ಮರ್ಯಾದೆ ಎಂದುಕೊಳ್ಳುತ್ತೇವೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಆದರೆ ದಾಕ್ಷಿಣ್ಯ ಮೇಲಿನ ಪದರ ಮಾತ್ರ. ಒಳಗಿದ್ದದ್ದು ಬೇರೆ. ಹೀಟರ್ ತೆಗೆಯಿರಿ ಎಂದರೆ ಶಾಂತಕ್ಕ, ಮತ್ತೆ ಈ ಚಳಿಗೆ ಏನು ಮಾಡಲಿ, ಇಷ್ಟು ದೊಡ್ಡ ಕಟ್ಟಡಕ್ಕೆ ಒಂದು ಹೀಟರ್ ಯಾಕೆ ಹಾಕಲಿಲ್ಲ ಎಂದು ಕೇಳುತ್ತಿದ್ದರು. ಆಗ ನಾನು ತೆಗೆಸಿದೆ ಎನ್ನಬೇಕಾಗುತ್ತಿತ್ತು. ಆ ಡಬ್ಬಿಗಳು, ಆ ಮಾತುಗಳು, ಅವರ ಕಣ್ಣಿನಲ್ಲಿ ನಾನು ಇದ್ದ ರೀತಿ, ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಅದೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ವೇರ್‌ಹೌಸ್ ಮ್ಯಾನೇಜರ್ ಗ್ರೆಗ್‌ಗೆ ಒಂದು ಮೇಲ್ ಬರೆದೆ. ಹದಿನೇಳನೇ ಸರ್ಕ್ಯೂಟಿನಲ್ಲಿ ಅನುಮತಿಯಿಲ್ಲದ ಹೊರೆ ಇದೆ, ಬಹುಶಃ ಯಾರದೋ ಸ್ವಂತ ಹೀಟರ್, ದಯವಿಟ್ಟು ಗಮನಿಸಿ ಎಂದು. ಎರಡು ವಾರದ ಗ್ರಾಫನ್ನು ಲಗತ್ತಿಸಿದೆ. ಶಾಂತಕ್ಕನ ಹೆಸರು ಹಾಕಲಿಲ್ಲ. ಎಲ್ಲ ಮೇಜುಗಳಿಗೂ ಒಂದು ಸಾಮಾನ್ಯ ಸೂಚನೆ ಹೋಗುತ್ತದೆ, ಅಕ್ಕ ಹೆದರಿ ಮನೆಗೆ ತಗೊಂಡು ಹೋಗುತ್ತಾರೆ, ಯಾರಿಗೂ ನೋವಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ರಟ್ಟಿನ ರಾಶಿಯ ನಡುವೆ ಹೀಟರ್ ಇಟ್ಟರೆ ಬೆಂಕಿಯ ಅಪಾಯ ಎಂದೂ ಒಂದು ಸಾಲು ಸೇರಿಸಿದೆ. ಅಪಾಯ ಇದ್ದದ್ದು ಸುಳ್ಳಲ್ಲ. ಆದರೆ ಅದನ್ನು ಬರೆಯುವಾಗ ನನ್ನ ತಲೆಯಲ್ಲಿ ಬೆಂಕಿ ಇರಲಿಲ್ಲ, ಮಾರ್ಚ್ ಇತ್ತು. ಕಳಿಸಿ, ಡಬ್ಬಿ ತೆಗೆದು ಶಾಂತಕ್ಕ ಕೊಟ್ಟ ರೊಟ್ಟಿ ತಿಂದೆ.

ಗ್ರೆಗ್ ದಡ್ಡನಲ್ಲ. ಗ್ರಾಫಿನಲ್ಲಿ ಖಾಲಿ ಇದ್ದ ಒಂದು ದಿನವನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದ. ಆರು ಮೇಜುಗಳಲ್ಲಿ ಆ ದಿನ ಬಾರದೆ ಇದ್ದವರು ಒಬ್ಬರೇ. ಹೀಟರು ಮೇಜಿನ ಕೆಳಗೆ, ಒಂದು ಖಾಲಿ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ.

ಅವತ್ತೇ ಮೂರು ಗಂಟೆಗೆ ಪಾರ್ಕಿಂಗ್ ಲಾಟಿಗೆ ಹೋದರೆ ಶಾಂತಕ್ಕ ನನ್ನ ಕಾರಿನ ಹತ್ತಿರ ಇರಲಿಲ್ಲ. ಫೋನು ಮಾಡಿದೆ. ಪ್ರಕಾಶ ಬಂದು ಕರೆದುಕೊಂಡು ಹೋಗಿದ್ದ. "ನಾಳಿಂದ ಬರಬ್ಯಾಡ ತಂಗಿ, ಕೆಲಸ ಮುಗೀತು" ಎಂದರು, ಏನೂ ಆಗದವರ ಹಾಗೆ. ನಾನು ಯಾಕಕ್ಕಾ ಎಂದು ಕೇಳಿದೆ. ಕೇಳಿದೆ, ನಿಜವಾಗಿಯೂ ಕೇಳಿದೆ. ಈ ಇಡೀ ಕತೆಯಲ್ಲಿ ನನಗೆ ಅತಿ ಹೇಸಿಗೆ ಹುಟ್ಟಿಸುವುದು ಆ ಒಂದು ಯಾಕೆ. ಅವರು ಇರಲಿ ಬಿಡು ಎಂದು ಫೋನು ಇಟ್ಟರು.

ಮರುದಿನ ಗ್ರೆಗ್‌ನ ಕ್ಯಾಬಿನ್‌ಗೆ ಹೋದೆ. ಅವನಿಗೂ ಬೇಸರವಾಗಿತ್ತು. ಒಳ್ಳೆಯ ಕೆಲಸಗಾತಿ, ಒಂದು ತಪ್ಪು ಪೆಟ್ಟಿಗೆ ಹೋಗಿಲ್ಲ ಅವರ ಮೇಜಿನಿಂದ, ಆದರೆ ನಿಯಮ ನಿಯಮ ಎಂದ. ಆಮೇಲೆ ಅವನೇ ಒಂದು ದಾರಿ ತೋರಿಸಿದ. ಆ ಜಾಗ ಅಷ್ಟು ಚಳಿ ಯಾಕೆ, ಅಲ್ಲಿ ಹೀಟರ್ ಇರಬೇಕಿತ್ತಾ ಎಂದು ಕೇಳಿದ. ಡಿಸೈನಿನ ಕಡೆಯಿಂದ ತಪ್ಪಾಗಿದ್ದರೆ ಎರಡು ಸಾಲು ಬರೆದುಕೊಡಿ, ಅದನ್ನು ತೋರಿಸಿ ಏಜೆನ್ಸಿಯ ಜೊತೆ ಮಾತಾಡುತ್ತೇನೆ, ಎಚ್ಚರಿಕೆ ವಾಪಸ್ಸು ತೆಗೆಸಬಹುದು ಎಂದ. ಬರೆದುಕೊಟ್ಟರೆ ಅದು ಇಟಾಸ್ಕಾಗೆ ಹೋಗುತ್ತದೆ, ಸರ್ಟಿಫಿಕೇಟಿನ ಕಡತಕ್ಕೆ ಸೇರುತ್ತದೆ, ಹೀಟರ್ ಹಾಕಿ ಎನ್ನುತ್ತಾರೆ, ಗೆರೆ ಇನ್ನೂ ಮೇಲೆ ಹೋಗುತ್ತದೆ. ಇಷ್ಟೆಲ್ಲ ನನಗೆ ಒಂದು ಉಸಿರಿನಲ್ಲಿ ಹೊಳೆಯಿತು. ಇಲ್ಲ, ನಕ್ಷೆಯಲ್ಲಿ ಅಲ್ಲಿ ಹೀಟರ್ ಯಾವತ್ತೂ ಇರಲಿಲ್ಲ ಎಂದೆ. ಅವನು ಭುಜ ಕುಣಿಸಿ ಕಂಪ್ಯೂಟರಿನ ಕಡೆ ತಿರುಗಿದ.

ಉಳಿದ ಚಳಿಗಾಲ ಒಬ್ಬಳೇ ಡ್ರೈವ್ ಮಾಡಿದೆ. ಐದೂವರೆಗೆ ಎಚ್ಚರವಾಗಿರುತ್ತಿತ್ತು, ಪ್ರಕಾಶನ ಮನೆಯ ಬೀದಿ ತಪ್ಪಿಸಲು ಎರಡು ಸಿಗ್ನಲ್ ಸುತ್ತಿ ಹೋಗುತ್ತಿದ್ದೆ. ಫೋನು ಮಾಡಬೇಕು, ಮಾಡಬೇಕು ಎಂದು ಫೆಬ್ರವರಿ ಕಳೆಯಿತು. ಶಾಂತಕ್ಕ ನೋಡಿ ಬಂದಿದ್ದ ಎರಡನೇ ಮಹಡಿಯ ಮನೆಯ ಕಿಟಕಿಗೆ ಯಾರೋ ಹಳದಿ ಪರದೆ ಹಾಕಿದ್ದು ರಸ್ತೆಯಿಂದಲೇ ಕಾಣಿಸಿತು. ಮಾರ್ಚ್‌ನಲ್ಲಿ, ಯಾರ ಪುಣ್ಯವೋ, ಬಿಸಿಲು ಬಿತ್ತು ನೋಡಿ. ಮೋಡವೇ ಇಲ್ಲದ ವಾರಗಳು. ಗೆರೆ ದಿನಾ ಇಳಿಯಿತು. ವರ್ಷ ಮುಗಿದ ದಿನ ನಾವು ಗುರಿ ಮುಟ್ಟಿದ್ದಷ್ಟೇ ಅಲ್ಲ, ಮೇಲೆ ಉಳಿದೂ ಇತ್ತು. ಎಷ್ಟು ಉಳಿದಿದೆ ಎಂದು ನೋಡುವವಳು ನಾನೇ ತಾನೆ, ನೋಡಿದೆ. ಶಾಂತಕ್ಕನ ಹೀಟರಿನಂಥ ಹತ್ತು ಹೀಟರುಗಳು ಇಡೀ ಚಳಿಗಾಲ ಉರಿದಿದ್ದರೂ ಇನ್ನೂ ಮಿಗುತ್ತಿತ್ತು. ಹಸಿರು ಕ್ರೀಮಿನ ಕೇಕ್ ತರಿಸಿದರು. ಇಟಾಸ್ಕಾದಿಂದ ದೊಡ್ಡವರು ಬಂದು ನನ್ನ ಕೈ ಕುಲುಕಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಏಪ್ರಿಲ್ ಮಧ್ಯದಲ್ಲಿ ಕ್ಯಾಂಟನ್‌ನ ಮನೆ ಖಾಲಿ ಮಾಡಿದೆ. ಹೊರಡುವ ಮೊದಲು ಶನಿವಾರ ಬೆಳಗ್ಗೆ ಪ್ರಕಾಶನ ಮನೆಗೆ ಹೋದೆ. ಹೇಳದೆ ಹೋದರೆ ಜೀವನವಿಡೀ ಇದು ಬಿಡುವುದಿಲ್ಲ ಎನಿಸಿತ್ತು. ಶಾಂತಕ್ಕ ಬೇಸ್‌ಮೆಂಟಿನ ಕಿಟಕಿಯ ಬೆಳಕಿನಲ್ಲಿ ಯಾರದೋ ಬ್ಲೌಸ್ ಹೊಲಿಯುತ್ತಾ ಕೂತಿದ್ದರು. ಬಾ ಎಂದರು, ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಜಾಗ ಮಾಡಿದರು. ವಾಪಸ್ಸು ಹೋಗುತ್ತಿದ್ದೇನೆ ಎಂದೆ. ಗೊತ್ತಾಯಿತು, ಪ್ರಕಾಶ ಹೇಳಿದ ಎಂದರು. ಮತ್ತೆ ಹೊಲಿಯತೊಡಗಿದರು. ಅಕ್ಕಾ, ಆ ಹೀಟರ್ ವಿಷಯ, ಎಂದು ಶುರು ಮಾಡಿದೆ.

"ಆ ಕಾಗದ ನನಗೂ ತೋರಿಸಿದ್ರು" ಎಂದರು, ತಲೆ ಎತ್ತದೆ. "ನಿನ್ನ ಹೆಸರಿತ್ತು ಅದರ ಮ್ಯಾಲೆ. ನನಗ ಇಂಗ್ಲಿಷ್ ಓದಾಕ ಬರ್ತದ."

ಮೂರು ತಿಂಗಳಿಂದ ಅವರಿಗೆ ಗೊತ್ತಿತ್ತು. ಆ ದಿನ ಫೋನಿನಲ್ಲಿ ನಾನು ಯಾಕಕ್ಕಾ ಎಂದಾಗಲೂ ಗೊತ್ತಿತ್ತು. ತಪ್ಪಾಯಿತು ಎಂದೆ, ಮುಖಕ್ಕೆ ಹೇಳಲು ದಾಕ್ಷಿಣ್ಯವಾಯಿತು ಎಂದೆ. ಅವರು ಮಷಿನ್ ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಿತ್ತು.

"ದಿನಾ ಇಪ್ಪತ್ತೈದ ನಿಮಿಷ ಒಂದ ಕಾರಿನ್ಯಾಗ ಕುಂಡ್ರತಿದ್ವಿ ಸುಮಾ. ಒಂದ ಮಾತ ಹೇಳಿದ್ರ ನಾನ ಆರಸ್ತಿದ್ದೆ."

ಆಗ ಉಳಿದದ್ದೂ ಬಾಯಿಗೆ ಬಂತು. ಮೊದಲ ನಕ್ಷೆಯಲ್ಲಿ ಮೇಜುಗಳ ಮೇಲೆ ಹೀಟರ್ ಇದ್ದವು, ತೆಗೆಸಿದವಳು ನಾನು, ಗ್ರೆಗ್ ಕೇಳಿದಾಗಲೂ ಸುಳ್ಳು ಹೇಳಿದೆ ಎಂದೆ. ಇದು ಅವರಿಗೆ ಗೊತ್ತಿರಲಿಲ್ಲ. ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ನೀವಿಕೊಳ್ಳುತ್ತಾ ಕೇಳಿಸಿಕೊಂಡರು. ಎಲ್ಲ ಮೇಜಿನ ಮೇಲೂ ಇದ್ದವೇನು ಎಂದರು. 'ಹೌದಕ್ಕಾ' ಎಂದೆ. ನನ್ನ ಮೇಜಿನ ಮೇಲೂ ಎಂದರು. 'ಹೌದು' ಎಂದೆ.

ಬೈಯುತ್ತಾರೆ ಎಂದುಕೊಂಡೆ. ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡೆ, ಅದನ್ನೇ ಬಯಸಿದೆ ಕೂಡ. ಅವರು ತಮ್ಮ ಕೆಲಸದ ಬಗ್ಗೆ ಕೇಳಲಿಲ್ಲ, ವಿಕ್ಸಮ್‌ನ ಮನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬ್ಲೌಸಿನ ಮೇಲಿದ್ದ ದಾರದ ಚೂರುಗಳನ್ನು ಆರಿಸಿ ತೆಗೆದು ಕೇಳಿದರು.

"ಮರಿಯಾ ಇನ್ನೂ ಅಲ್ಲೇ ಅದಾಳಲ್ಲ? ಆಕಿ ಕೈನೂ ಬಿರಿತಾವ ಚಳಿಗೆ. ಮುಂದಿನ ಚಳಿಗಾಲಕ್ಕರ ಹಾಕಸ್ತೀಯೇನು ಅವನ್ನ?"

ಹಾಕಿಸ್ತೀನಿ ಅಕ್ಕಾ, ಖಂಡಿತ ಹಾಕಿಸ್ತೀನಿ ಎಂದೆ. ಅವರು ನಂಬಿ ತಲೆಯಾಡಿಸಿ, ಮತ್ತೆ ಮಷಿನ್ನಿನ ಸೂಜಿಗೆ ದಾರ ಪೋಣಿಸಿದರು.

ಆ ಕಟ್ಟಡದ ಕೊನೆಯ ವರದಿಗೆ ನಾನು ಸಹಿ ಹಾಕಿ ಕಳಿಸಿ ಆಗಲೇ ಹತ್ತು ದಿನವಾಗಿತ್ತು. ಅದರಲ್ಲಿ, ಕೆಲಸಗಾರರ ಅನುಕೂಲಕ್ಕೆ ಬದಲಾವಣೆ ಏನಾದರೂ ಬೇಕೇ ಎಂಬ ಪ್ರಶ್ನೆಯ ಮುಂದೆ ಏನೂ ಬೇಡ ಎಂದು ಬರೆದಿದ್ದೆ. ವಾಪಸ್ಸು ತರಿಸಿ ತಿದ್ದಬಹುದಿತ್ತು, ಒಂದು ಮೇಲ್ ಸಾಕಿತ್ತು. ಶಾಂತಕ್ಕನ ಮೇಲೆ ಬರೆದದ್ದಕ್ಕಿಂತ ಚಿಕ್ಕದು. ಅದನ್ನು ನಾನು ಇವತ್ತಿಗೂ ಬರೆದಿಲ್ಲ.